ಕ್ಯಾಂಪರ್ ವ್ಯಾನಿನ ಚಾವಣಿಯೂ ಇಡ್ಲಿ ಪಾತ್ರೆಯ ಮುಚ್ಚಳವೂ

ಜರ್ಮನಿಯಲ್ಲಿ ನೆಲೆಸಿರುವ ನನ್ನ ಗೆಳೆಯನೊಬ್ಬ ಹಳೆಯ ಸರಕು ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಪುಟ್ಟ ಒಲೆ, ಕಪಾಟು ಕೂರಿಸಿ ಕ್ಯಾಂಪರ್ ಮಾಡಿಕೊಂಡ. ನವೆಂಬರಿನಲ್ಲಿ ಗಂಡ ಹೆಂಡತಿ ಬ್ಲಾಕ್ ಫಾರೆಸ್ಟ್ ಕಾಡಿನ ಅಂಚಿನಲ್ಲಿ ಎರಡು ರಾತ್ರಿ ಮಲಗಿ ಬಂದವರು ನನಗೆ ಫೋನ್ ಮಾಡಿದರು. ಚಾವಣಿ ಸೋರುತ್ತಿದೆಯಂತೆ. ಮಳೆ ಬಂದಿತ್ತೇ ಎಂದು ಕೇಳಿದೆ. ಇಲ್ಲ, ಆಕಾಶದ ತುಂಬ ನಕ್ಷತ್ರವಿತ್ತು ಎಂದರು. ಆದರೂ ಗೆಳೆಯ ಚಾವಣಿಯ ಸಂದುಗಳಿಗೆಲ್ಲ ಸೀಲಂಟ್ ಮೆತ್ತಿದ. ಮುಂದಿನ ವಾರವೂ ಹನಿ ಬಿತ್ತು. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು.

ನಕ್ಷತ್ರ ಕಂಡ ರಾತ್ರಿ ಚಾವಣಿ ಹನಿಯಿತು ಎಂಬ ಮಾತಿನಲ್ಲೇ ಉತ್ತರವಿದೆ. ಒಳಗೆ ಬಿದ್ದದ್ದು ಇಬ್ಬನಿ; ಅದರ ನೀರು ಬಂದದ್ದು ಮಲಗಿದ್ದ ಇಬ್ಬರ ಮೈಯಿಂದ. ಕ್ಯಾಂಪರಿಗೆ ಮೆತ್ತನೆಯ ದಿಂಬು, ಬಣ್ಣದ ದೀಪ, ಚೆಂದದ ಪರದೆ ಹುಡುಕುವವರಿಗೆಲ್ಲ ನಾನು ಮೊದಲು ಈ ಇಬ್ಬನಿಯ ಲೆಕ್ಕ ಹೇಳುತ್ತೇನೆ.

ಮಲಗಿದ ಮನುಷ್ಯ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಆವಿಯಾಗಿ ಬಿಡುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ 640 ಗ್ರಾಂ. ವ್ಯಾನಿನೊಳಗಿನ ಗಾಳಿ 10 ಘನ ಮೀಟರ್ ಎಂದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಇರಬಲ್ಲದು, ಅಂದರೆ ಇಡೀ ವ್ಯಾನಿಗೆ 170 ಗ್ರಾಂ. ಮಿಕ್ಕದ್ದು ಎಲ್ಲಿಗೆ ಹೋಗಬೇಕು? ಸೊನ್ನೆ ಡಿಗ್ರಿಯಲ್ಲಿ ಈ ಮಿತಿ 5 ಗ್ರಾಂಗೂ ಕಡಿಮೆ. ಬೆಚ್ಚನೆಯ ಗಾಳಿ ತಣ್ಣನೆಯ ತಗಡನ್ನು ಮುಟ್ಟಿದ ಕ್ಷಣ ಹೆಚ್ಚಾದ ನೀರು ಅಲ್ಲೇ ಹನಿಗಟ್ಟುತ್ತದೆ.

ಇಡ್ಲಿ ಬೇಯಿಸುವವರಿಗೆ ಇದು ಹೊಸದಲ್ಲ. ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹಬೆ ನೀರಾಗಿ, ಮೇಲಿನ ತಟ್ಟೆಯ ಇಡ್ಲಿಗಳ ಮೇಲೆ ತೊಟ್ಟಿಕ್ಕಿ ಅವನ್ನು ಪಿಚ್ಚನೆ ಮಾಡುತ್ತದೆ. ಅದಕ್ಕೇ ಕೆಲವರು ಮುಚ್ಚಳದ ಕೆಳಗೆ ಒಂದು ಬಟ್ಟೆ ಕಟ್ಟುತ್ತಾರೆ. ತಣ್ಣನೆಯ ಮಜ್ಜಿಗೆ ಸುರಿದ ಸ್ಟೀಲ್ ಲೋಟದ ಹೊರಮೈ ಬೆವರುವುದೂ, ಬಿಸಿ ಕಾಫಿ ಕುಡಿಯುವಾಗ ಕನ್ನಡಕ ಮಸುಕಾಗುವುದೂ ಇದೇ ವ್ಯಾಪಾರ. ರಾತ್ರಿಯ ಕ್ಯಾಂಪರ್ ಒಂದು ದೊಡ್ಡ ಇಡ್ಲಿ ಪಾತ್ರೆ. ಉರಿ ನಮ್ಮ ಮೈಯದು, ಮುಚ್ಚಳ ಚಾವಣಿಯ ತಗಡು.

ಹಾಗಾದರೆ ಗೋಡೆಗಿಂತ ಚಾವಣಿಯಲ್ಲೇ ಏಕೆ ಹೆಚ್ಚು? ಇಲ್ಲಿ ಇನ್ನೂರು ವರ್ಷ ಹಿಂದೆ ಹೋಗಬೇಕು. ‘ಮಂಜು ಬೀಳುತ್ತದೆ, ತಲೆಗೆ ಬಟ್ಟೆ ಕಟ್ಟಿಕೋ’ ಎಂದು ನಮ್ಮ ಹಿರಿಯರು ಹೇಳುವಂತೆ, ಇಬ್ಬನಿ ಆಕಾಶದಿಂದ ಉದುರುತ್ತದೆ ಎಂದು ಯುರೋಪಿನಲ್ಲೂ ಬಹುಕಾಲ ನಂಬಿದ್ದರು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ತೋಟದಲ್ಲಿ ರಾತ್ರಿಯಿಡೀ ಉಣ್ಣೆಯ ಪುಟ್ಟ ಉಂಡೆಗಳನ್ನಿಟ್ಟು, ಅವು ಹೀರಿದ ಇಬ್ಬನಿಯನ್ನು ತೂಗಿದರು. ಮೋಡವಿಲ್ಲದ ರಾತ್ರಿಯಲ್ಲಿ ಹುಲ್ಲು, ಉಣ್ಣೆ ತಮ್ಮ ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತವೆ, ಆ ತಂಪಿನಿಂದಲೇ ಇಬ್ಬನಿ ಕೂಡುತ್ತದೆ ಎಂದು 1814ರಲ್ಲಿ ಪ್ರಕಟಿಸಿದರು. ತೆರೆದ ಆಕಾಶಕ್ಕೆ ಮೈಯೊಡ್ಡಿದ ವಸ್ತು ತನ್ನ ಶಾಖವನ್ನು ವಿಕಿರಣವಾಗಿ ಮೇಲಕ್ಕೆ ಕಳಿಸುತ್ತಲೇ ಇರುತ್ತದೆ, ಮರಳಿ ಬರುವುದು ಕಡಿಮೆ. ನಮ್ಮ ದೇಶದಲ್ಲಿ ಇದನ್ನು ಕೈಕಸುಬಾಗಿಯೇ ಬಳಸುತ್ತಿದ್ದರು: ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ಒಣ ಹುಲ್ಲಿನ ಮೇಲೆ ಮಣ್ಣಿನ ತಟ್ಟೆಗಳನ್ನಿಟ್ಟು ನೀರನ್ನು ಮಂಜುಗಡ್ಡೆ ಮಾಡುವುದನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲೇ ವರ್ಣಿಸಿದ್ದರು. ಆ ತಟ್ಟೆಗಳ ಸ್ಥಾನದಲ್ಲಿ ಈಗ ಗೆಳೆಯನ ವ್ಯಾನಿನ ಚಾವಣಿ ಇದೆ. ಮರದಡಿ ನಿಲ್ಲಿಸಿದ್ದರೆ ಅಷ್ಟು ತಣ್ಣಗಾಗುತ್ತಿರಲಿಲ್ಲ.

ಈಗ ಕ್ಯಾಂಪರ್ ಮಾಡುವವರು ಬಳಸುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯ ವಿಷಯ. ಅದನ್ನು ತಗಡಿಗೆ ಅಂಟಿಸಿದರೆ ಚಳಿ ಒಳಗೆ ಬರುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಕೇಳಿದಾಗಲೆಲ್ಲ ನನಗೆ ತಾಳ್ಮೆ ಕೆಡುತ್ತದೆ. ಮೊದಲನೆಯದಾಗಿ ಚಳಿ ಎಂಬ ವಸ್ತುವೇ ಇಲ್ಲ. ಒಳಗಿನ ಶಾಖ ಹೊರಗೆ ಹೋಗುತ್ತದೆ. ಎರಡನೆಯದಾಗಿ ಅಲ್ಯೂಮಿನಿಯಂ ಹಾಳೆ ಕನ್ನಡಿಯಂತೆ ಕೆಲಸ ಮಾಡುವುದು ವಿಕಿರಣಕ್ಕೆ ಮಾತ್ರ, ಅದಕ್ಕೆ ಎದುರಿಗೆ ತೆರಪು ಬೇಕು. ಕನ್ನಡಿಗೆ ಮುಖ ಒತ್ತಿ ನಿಂತವನಿಗೆ ಬಿಂಬ ಕಾಣುವುದಿಲ್ಲ. ಹಾಳೆ ಎರಡು ಗಟ್ಟಿ ಪದರಗಳ ನಡುವೆ ಸಿಕ್ಕಿಕೊಂಡರೆ ಶಾಖ ಅದರ ಮೂಲಕವೇ ಹರಿದು ಹೋಗುತ್ತದೆ, ಏಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತಲೂ ಉತ್ತಮ ಶಾಖವಾಹಕ. ಪಾತ್ರೆ ಇಳಿಸಲು ಬಟ್ಟೆಯ ಬದಲು ಅಲ್ಯೂಮಿನಿಯಂ ಹಾಳೆ ಹಿಡಿದು ನೋಡಿದರೆ ಕೈಗೇ ತಿಳಿಯುತ್ತದೆ. ತೆರಪು ಸಿಕ್ಕಿತೆಂದರೆ ಮಾತ್ರ ಹಾಳೆಯ ನಿಜವಾದ ಗುಣ ಹೊರಬರುತ್ತದೆ: ಬಣ್ಣ ಬಳಿದ ತಗಡು ಹೊಮ್ಮಿಸುವ ವಿಕಿರಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಅದು ಹೊಮ್ಮಿಸುತ್ತದೆ. ಫ್ಲಾಸ್ಕಿನ ಗಾಜಿಗೆ ಬೆಳ್ಳಿ ಲೇಪಿಸಿ ನಡುವೆ ನಿರ್ವಾತ ಬಿಡುವುದು ಇದಕ್ಕೇ.

ಆದ್ದರಿಂದ ಗೆಳೆಯನಿಗೆ ಹೇಳಿದ ಕ್ರಮ ಇದು. ಗಾಳಿ ನುಗ್ಗದಂಥ ಮುಚ್ಚಿದ ರಂಧ್ರಗಳ ಫೋಮ್ ಅನ್ನು ತಗಡಿಗೆ ಸಂದಿಲ್ಲದಂತೆ ಅಂಟಿಸುವುದು, ಅದರ ಮೇಲೆ ಹಾಳೆ, ಬಳಿಕ ಎರಡು ಸೆಂಟಿಮೀಟರ್ ಬಿಟ್ಟು ತೆಳು ಪ್ಲೈವುಡ್. ಫೋಮಿನ ಹಿಂದೆ ಸಂದು ಉಳಿದರೆ ಇಬ್ಬನಿ ಕಣ್ಣಿಗೆ ಕಾಣದ ಕಡೆ ಕೂತು ತಗಡನ್ನು ತುಕ್ಕು ಹಿಡಿಸುತ್ತದೆ. ಒಳಮೈ ಬೆಚ್ಚಗಾದರೆ ಇನ್ನೊಂದು ಲಾಭವಿದೆ. ಗಾಳಿ 20 ಡಿಗ್ರಿ ಇದ್ದರೂ ತಣ್ಣನೆಯ ಗೋಡೆಯ ಪಕ್ಕದಲ್ಲಿ ಮೈ ನಡುಗುವುದು ನಮ್ಮ ಶಾಖವನ್ನು ಗೋಡೆ ವಿಕಿರಣವಾಗಿ ಸೆಳೆದುಕೊಳ್ಳುವುದರಿಂದ.

ಇಷ್ಟಾದರೂ ಆ 640 ಗ್ರಾಂ ನೀರು ಹೊರಗೆ ಹೋಗಲೇಬೇಕು. ಚಾವಣಿಯ ಕಿಂಡಿಯನ್ನು ಬೆರಳಗಲ ತೆರೆದು ಪುಟ್ಟ ಫ್ಯಾನ್ ಓಡಿಸು ಎಂದೆ. ಹೊರಗೆ ಮಂಜು ಕವಿದಿದೆ, ತೇವ ಒಳಗೆ ಬರುತ್ತದಲ್ಲ ಎಂದ. ಬರುವುದಿಲ್ಲ. ಸೊನ್ನೆ ಡಿಗ್ರಿಯ ಗಾಳಿ ಪೂರ್ತಿ ಒದ್ದೆಯಾಗಿದ್ದರೂ ಅದರಲ್ಲಿರುವುದು ಘನ ಮೀಟರಿಗೆ 5 ಗ್ರಾಂ. ಒಳಗೆ ಬಂದು 18 ಡಿಗ್ರಿಗೆ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ, ಅಂದರೆ ಇರಬಲ್ಲ ನೀರಾವಿಯಲ್ಲಿ ನಿಜಕ್ಕೂ ಇರುವ ಪಾಲು, ಸುಮಾರು 30 ಶೇಕಡಾಕ್ಕೆ ಇಳಿದಿರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಹೊರಗಿನ ಗಾಳಿಯಲ್ಲೇ 20 ಗ್ರಾಂಗಿಂತ ಹೆಚ್ಚು ನೀರಿರುತ್ತದೆ.

ಒಂದು ಮಾತನ್ನು ಮಾತ್ರ ಗದರಿಸಿಯೇ ಹೇಳಿದೆ. ಬೆಚ್ಚಗಿರಲಿ ಎಂದು ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬಾರದು. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಅದಕ್ಕಿಂತ ಭಯಂಕರವಾದದ್ದು ಮುಚ್ಚಿದ ಜಾಗದಲ್ಲಿ ಹುಟ್ಟುವ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್. ಮಲಗಿದವರು ಏಳುವುದಿಲ್ಲ.

ಮಂಚದ ಹಲಗೆಗಳ ನಡುವೆ ಸಂದು ಬಿಡಿಸಿ, ಹಾಸಿಗೆಯಡಿ ತೆಂಗಿನ ನಾರಿನ ಚಾಪೆ ಹಾಸಿಸಿದೆ. ಗಾಳಿ ಆಡಿದರೆ ಬೂಷ್ಟಿಗೆ ನೆಲೆಯಿಲ್ಲ. ಚಾಲಕನ ಸೀಟಿನ ಹಿಂದೆ ಪರದೆಯಾಗಿ ಊರಿನಿಂದ ಕಂಬಳಿಯನ್ನೇ ಕಳಿಸಿದೆ. ಮುಂದಿನ ದೊಡ್ಡ ಗಾಜುಗಳೇ ವ್ಯಾನಿನ ಅತಿ ತಣ್ಣನೆಯ ಭಾಗ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರಾವಿಯನ್ನು ಹೀರಿಯೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಹಗಲಿನಲ್ಲಿ ಅದನ್ನು ಗಾಳಿಗೆ ಮರಳಿಸುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಕಟ್ಟಿದ ಬಟ್ಟೆಯ ಕೆಲಸ ಅದರದ್ದು. ಜನವರಿಯಲ್ಲಿ ಅದೇ ಕಾಡಿನಂಚಿನಿಂದ ಗೆಳೆಯ ಬೆಳಗಿನ ಚಿತ್ರ ಕಳಿಸಿದ: ಮುಂದಿನ ಗಾಜಿನ ತುಂಬ ಹೆಪ್ಪುಗಟ್ಟಿದ ಇಬ್ಬನಿ, ಕಂಬಳಿಯ ಈಚೆಗೆ ಒಣಗಿದ ಪ್ಲೈವುಡ್.