ದಮ್ಮು, ಸೂಜಿ ಮತ್ತು ಆಟಗಾರನ ಕ್ಯಾಲೆಂಡರ್

ನಮ್ಮ ಉತ್ತರ ಕನ್ನಡದಲ್ಲಿ, ಹಳಿಯಾಳದ ಗರಡಿಯಲ್ಲಾಗಲಿ, ಅಂಕೋಲಾ, ಕುಮಟಾ ಕಡೆಯ ಕಬಡ್ಡಿ ಅಂಕಣದಲ್ಲಾಗಲಿ, ಲಸಿಕೆಯ ಮಾತು ಬಂದರೆ ಹುಡುಗರು ಮೊದಲು ಕೇಳುವುದು ಒಂದೇ: ‘ಸೂಜಿ ಹಾಕಿಸಿಕೊಂಡ್ರೆ ದಮ್ಮು ಕಡಿಮೆ ಆಗ್ತದಾ?’ ಮೈಯನ್ನೇ ನಂಬಿ ಬದುಕುವವರು ಮೈಯೊಳಗೆ ಹೋಗುವ ಪ್ರತಿಯೊಂದರ ಬಗ್ಗೆಯೂ ಹೀಗೆ ಕೇಳಲೇಬೇಕು. ಕೇಳಿದವರನ್ನು ಗದರಿಸಿ ಕೂರಿಸಿದರೆ ಅನುಮಾನ ಹೋಗುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ.

ಉತ್ತರ ಹೀಗಿದೆ: ಕಡಿಮೆ ಆಗಬಹುದು, ಎರಡು ದಿನ, ಹೆಚ್ಚೆಂದರೆ ಮೂರು ದಿನ. ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ ಸೇರಿದ ಅರ್ಧ ಮಿಲಿಲೀಟರ್ ದ್ರವವನ್ನು ರೋಗನಿರೋಧಕ ಕೋಶಗಳು ಪರಕೀಯವೆಂದು ಗುರುತಿಸಿ ಸೈಟೊಕೈನ್ ಎಂಬ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ. ಜ್ವರ, ಮೈಕೈ ನೋವು, ಸುಸ್ತು ಬರುವುದು ಇವುಗಳಿಂದ. ಸಾಮಾನ್ಯವಾಗಿ ಮೊದಲ 24ರಿಂದ 48 ಗಂಟೆಗಳಲ್ಲಿ ಇದು ಇಳಿಯುತ್ತದೆ. ಆ ಹೊತ್ತಿನಲ್ಲಿ ಎದೆಬಡಿತ ಎಂದಿಗಿಂತ ಹೆಚ್ಚಿರುವುದರಿಂದ ದಿನನಿತ್ಯದ ಓಟವೂ ಭಾರವೆನಿಸುತ್ತದೆ. ಶ್ವಾಸಕೋಶಕ್ಕೆ ಪೆಟ್ಟಾಗಿರುವುದಿಲ್ಲ, ರಕ್ತ ಕಡಿಮೆಯಾಗಿರುವುದಿಲ್ಲ.

ನಿಜವಾಗಿ ದಮ್ಮು ಕಸಿಯುವುದು ಬೇರೆ ಎರಡು ಸಂಗತಿಗಳು. ಒಂದು, ರೋಗವೇ. ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಯರ್ನ್ ಮ್ಯೂನಿಕ್‌ನ ಮಿಡ್‌ಫೀಲ್ಡರ್ ಯೋಶುವಾ ಕಿಮಿಶ್ ದೀರ್ಘಕಾಲದ ಪರಿಣಾಮಗಳ ಬಗ್ಗೆ ಅನುಮಾನವಿದೆಯೆಂದು 2021ರ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಹೇಳಿ ಕೋವಿಡ್ ಲಸಿಕೆ ಮುಂದೂಡಿದ್ದರು. ನವೆಂಬರ್‌ನಲ್ಲಿ ಸೋಂಕು ತಗುಲಿತು, ಶ್ವಾಸಕೋಶದಲ್ಲಿ ಅದರ ಗುರುತು ಉಳಿಯಿತು, ಮತ್ತೆ ಅವರು ಮೈದಾನಕ್ಕೆ ಇಳಿದದ್ದು 2022ರ ಜನವರಿಯಲ್ಲಿ. ಆಮೇಲೆ ಲಸಿಕೆ ಹಾಕಿಸಿಕೊಳ್ಳುವುದಾಗಿ ಅವರೇ ಹೇಳಿದರು.

ಇನ್ನೊಂದು, ತಾಲೀಮು ತಪ್ಪಿಸುವ ನಿಯಮ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಲಸಿಕೆ ಇಲ್ಲದೆ ಬರುವವರು 21 ದಿನ ಪ್ರತ್ಯೇಕವಾಸದಲ್ಲಿ ಇರಬೇಕಿತ್ತು. 2014ರಲ್ಲಿ ಚಿನ್ನ ಗೆದ್ದಿದ್ದ ಸ್ವಿಟ್ಜರ್ಲೆಂಡ್‌ನ ಸ್ನೋಬೋರ್ಡ್ ಆಟಗಾರ್ತಿ ಪಟ್ರಿಸಿಯಾ ಕುಮ್ಮರ್ ಆ 21 ದಿನಗಳನ್ನು ಕೋಣೆಯೊಳಗೆ ಕಳೆದೇ ಸ್ಪರ್ಧೆಗಿಳಿದರು. ಪದಕ ಬರಲಿಲ್ಲ. ಸೋಲಿಗೆ ಅದೊಂದೇ ಕಾರಣ ಎನ್ನಲಾಗದು. ಆದರೆ ದೇಹದ ಲೆಕ್ಕ ಗೊತ್ತಿರುವುದೇ: ಕಠಿಣ ತಾಲೀಮು ನಿಂತ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ ಇಳಿಯುತ್ತದೆ. ಎದೆಯ ಒಂದೊಂದು ಬಡಿತ ತಳ್ಳುವ ರಕ್ತವೂ ಅದರೊಂದಿಗೆ ಕುಗ್ಗುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದಲ್ಲೂ ಇಳಿಕೆ ಕಾಣುತ್ತದೆ. ಸೂಜಿಯ ಎರಡು ದಿನ ಒಂದು ಕಡೆ, ಕೋಣೆಯ ಮೂರು ವಾರ ಇನ್ನೊಂದು ಕಡೆ.

ಲಸಿಕೆ ಬೇಡವೆಂದ ಆಟಗಾರರಲ್ಲಿ ಹೆಚ್ಚು ಸುದ್ದಿಯಾದವರು ಟೆನಿಸ್‌ನ ನೊವಾಕ್ ಜೊಕೊವಿಚ್. 2022ರ ಜನವರಿ ಮೊದಲ ವಾರ ಮೆಲ್ಬರ್ನ್‌ಗೆ ಬಂದಿಳಿದಾಗ ವೀಸಾ ರದ್ದಾಯಿತು. 10ರಂದು ನ್ಯಾಯಾಲಯ ಅದನ್ನು ಮರಳಿಸಿತು. 14ರಂದು ವಲಸೆ ಸಚಿವರು ಮತ್ತೆ ರದ್ದು ಮಾಡಿದರು, 16ರಂದು ಅಂತಿಮ ತೀರ್ಪು ಬಂದು ಆಟಗಾರ ದೇಶ ಬಿಡಬೇಕಾಯಿತು. ಒಂಬತ್ತು ಬಾರಿ ಗೆದ್ದಿದ್ದ ಆಸ್ಟ್ರೇಲಿಯನ್ ಓಪನ್ ಟೂರ್ನಿ ಕೈತಪ್ಪಿತು. ಫೆಬ್ರುವರಿ ಕೊನೆಗೆ ಅಗ್ರ ಶ್ರೇಯಾಂಕ ಡೇನಿಲ್ ಮೆಡ್ವೆಡೇವ್ ಪಾಲಾಯಿತು. ಅಮೆರಿಕದ ಪ್ರವೇಶ ನಿಯಮದಿಂದ ಅದೇ ವರ್ಷ ಇಂಡಿಯನ್ ವೆಲ್ಸ್, ಮಯಾಮಿ, ಯುಎಸ್ ಓಪನ್ ತಪ್ಪಿದವು, 2023ರಲ್ಲಿ ಇಂಡಿಯನ್ ವೆಲ್ಸ್, ಮಯಾಮಿ ಮತ್ತೊಮ್ಮೆ ತಪ್ಪಿದವು. ಆದರೂ 2023ರಲ್ಲಿ ಅವರು ಮೂರು ಗ್ರ್ಯಾಂಡ್ ಸ್ಲಾಮ್ ಗೆದ್ದು ಒಟ್ಟು 24ಕ್ಕೆ ಮುಟ್ಟಿದರು. ವೃತ್ತಿಬದುಕು ಮುಗಿಯಲಿಲ್ಲ. ಇದನ್ನು ಮುಚ್ಚಿಟ್ಟು ‘ಲಸಿಕೆ ಹಾಕಿಸಿಕೊಳ್ಳದವನ ಕಥೆ ಮುಗಿಯಿತು’ ಎಂದು ಮಕ್ಕಳಿಗೆ ಹೆದರಿಸುವುದು ಸುಳ್ಳು.

ಬಾಸ್ಕೆಟ್‌ಬಾಲ್‌ನ ಕೈರಿ ಅರ್ವಿಂಗ್ ಅವರ ಪ್ರಕರಣದಲ್ಲಿ ಇನ್ನಷ್ಟು ಕಲಿಯುವುದಿದೆ. ಅವರ ತಂಡ ಬ್ರೂಕ್ಲಿನ್ ನೆಟ್ಸ್ ನ್ಯೂಯಾರ್ಕ್ ನಗರದ್ದು. ಒಳಾಂಗಣಕ್ಕೆ ಲಸಿಕೆ ಕಡ್ಡಾಯವೆಂಬ ನಗರದ ನಿಯಮದಿಂದ ತವರಿನ ಅಂಕಣದಲ್ಲಿ ಅವರು ಆಡುವಂತಿರಲಿಲ್ಲ. ಪರ ಊರಿನಿಂದ ಬಂದ ತಂಡದ ಲಸಿಕೆ ಪಡೆಯದ ಆಟಗಾರ ಅದೇ ಅಂಕಣದಲ್ಲಿ ಆಡಬಹುದಿತ್ತು! ವೈರಸ್‌ಗೆ ತವರು, ಪರ ಊರು ಎಂಬ ಭೇದವಿಲ್ಲ, ಈ ವಿನಾಯಿತಿಗೆ ವೈಜ್ಞಾನಿಕ ಸಮರ್ಥನೆ ಇರಲಿಲ್ಲ. ಅರ್ವಿಂಗ್ 2021-22ರ ಋತುವಿನ 82 ಪಂದ್ಯಗಳಲ್ಲಿ ಆಡಿದ್ದು 29. ತವರಿನ ಪಂದ್ಯಗಳ ಸಂಬಳ ಹೋಯಿತು, 10 ಕೋಟಿ ಡಾಲರ್‌ಗೂ ಮೀರಿದ ನಾಲ್ಕು ವರ್ಷಗಳ ಒಪ್ಪಂದ ಕೈಬಿಟ್ಟಿತೆಂದು ಅವರೇ ಆಮೇಲೆ ಹೇಳಿಕೊಂಡರು. ಗೋಲ್ಡನ್ ಸ್ಟೇಟ್ ತಂಡದ ಆಂಡ್ರ್ಯೂ ವಿಗಿನ್ಸ್ 2021ರ ಅಕ್ಟೋಬರ್ ಹೊತ್ತಿಗೆ ಮನಸ್ಸಿಲ್ಲದ ಮನಸ್ಸಿನಿಂದ ಲಸಿಕೆ ಪಡೆದು ಆ ಋತುವಿನಲ್ಲೇ ಚಾಂಪಿಯನ್ ತಂಡದಲ್ಲಿದ್ದರು.

ನಿರಾಕರಿಸಿದವರಿಗಿಂತ ಕಷ್ಟಕ್ಕೆ ಸಿಕ್ಕವರು ಸುಳ್ಳು ಹೇಳಿದವರು. ಐಸ್ ಹಾಕಿ ಆಟಗಾರ ಇವಾಂಡರ್ ಕೇನ್ ನಕಲಿ ಲಸಿಕೆ ಕಾರ್ಡ್ ಕೊಟ್ಟು 21 ಪಂದ್ಯ ಸಂಬಳವಿಲ್ಲದೆ ಹೊರಗುಳಿದರು. ಅಮೆರಿಕನ್ ಫುಟ್‌ಬಾಲ್‌ನ ಆಂಟೋನಿಯೊ ಬ್ರೌನ್‌ಗೆ ಇದೇ ಬಗೆಯ ತಪ್ಪಿಗೆ ಮೂರು ಪಂದ್ಯ ನಿಷೇಧ.

ಕಾಲವೂ ಮುಖ್ಯ. ಡೆಲ್ಟಾ ತಳಿಯ 2021ರಲ್ಲಿ ಎರಡು ಡೋಸ್‌ಗಳು ಸೋಂಕು ಹರಡುವುದನ್ನೂ ತಕ್ಕಮಟ್ಟಿಗೆ ತಡೆಯುತ್ತಿದ್ದವು. ಓಮಿಕ್ರಾನ್ ಬಂದ ಮೇಲೆ ಸೋಂಕಿನ ವಿರುದ್ಧದ ರಕ್ಷಣೆ ಕೆಲವೇ ತಿಂಗಳಲ್ಲಿ ತಗ್ಗಿತು, ತೀವ್ರ ಕಾಯಿಲೆಯ ವಿರುದ್ಧದ ರಕ್ಷಣೆ ಉಳಿಯಿತು. ಹಾಗಾಗಿ ‘ಉಳಿದವರಿಗಾಗಿ ಹಾಕಿಸಿಕೋ’ ಎಂಬ ವಾದದ ಬಲ ಕುಗ್ಗಿತು. ಅಮೆರಿಕ ತನ್ನ ಪ್ರವೇಶ ನಿಯಮ ತೆಗೆದದ್ದು 2023ರ ಮೇ ತಿಂಗಳಲ್ಲಿ, ತೀರಾ ತಡವಾಗಿ. ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದೇ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಸಮುದಾಯದ ಆರೋಗ್ಯಕ್ಕಾಗಿ ನಿರ್ಬಂಧ ಹೇರಿದರೂ ಅದು ಅಪಾಯಕ್ಕೆ ತಕ್ಕಷ್ಟೇ ಇರಬೇಕು ಎಂದಿತ್ತು. ಅದು ಸರಿಯಾದ ಅಳತೆ.

ಜೊಕೊವಿಚ್‌ಗೆ ಒಂದು ಟೂರ್ನಿ ತಪ್ಪಿದರೆ ಮುಂದಿನ ವರ್ಷ ಅದೇ ಟೂರ್ನಿ ಕಾದಿರುತ್ತದೆ. ಮುಂಡಗೋಡದ ಹುಡುಗನಿಗೆ ರಾಜ್ಯ ತಂಡದ ಆಯ್ಕೆ ವರ್ಷಕ್ಕೊಮ್ಮೆ, ವಯೋಮಿತಿ ದಾಟಿದರೆ ಮುಗಿಯಿತು. ಕಾರವಾರದ ಮಾಲಾದೇವಿ ಮೈದಾನದಲ್ಲಿ ಓಡುವ ಹುಡುಗಿಗೆ ಕ್ರೀಡಾ ಕೋಟಾದ ಕೆಲಸವೇ ಗುರಿಯಾಗಿದ್ದರೆ ಪದಕದ ಪ್ರಮಾಣಪತ್ರ ಸಿಗುವುದು ಎರಡೋ ಮೂರೋ ಅವಕಾಶಗಳಲ್ಲಿ. ನಿರಾಕರಣೆಯ ಬೆಲೆ ತೆರಲು ಬೇಕಾದ ಗಂಟು ಅವರ ಬಳಿ ಇಲ್ಲ. ನನಗೆ ಕಳವಳವಿರುವುದು ಇಲ್ಲಿ: ದೊಡ್ಡ ಆಟಗಾರನ ನಿಲುವನ್ನು ಅನುಕರಿಸುವವರು ಅವನ ಬ್ಯಾಂಕ್ ಖಾತೆಯನ್ನು ಅನುಕರಿಸಲಾರರು.

ಹೃದಯದ ಭಯದ ಬಗ್ಗೆಯೂ ಹೇಳಬೇಕು, ಅದರಲ್ಲಿ ಒಂದು ಪಾಲು ನಿಜವಿದೆ. ಫೈಜರ್, ಮಾಡರ್ನಾದ ಎಂಆರ್‌ಎನ್‌ಎ ಬಗೆಯ (ವೈರಸ್‌ನ ಒಂದು ಪ್ರೋಟೀನ್ ತಯಾರಿಸುವ ಸೂಚನೆಯನ್ನು ನಮ್ಮ ಕೋಶಗಳಿಗೆ ಕೊಡುವ) ಲಸಿಕೆಗಳ ನಂತರ ಕೆಲವರಲ್ಲಿ ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್ ಕಂಡಿತು. ಹೆಚ್ಚಾಗಿ ಹದಿಹರೆಯದ ಮತ್ತು ಯುವ ಪುರುಷರಲ್ಲಿ, ಎರಡನೆಯ ಡೋಸ್‌ನ ಒಂದು ವಾರದೊಳಗೆ, ಲಕ್ಷಕ್ಕೆ ಕೆಲವರಲ್ಲಿ. ಕೋವಿಡ್ ಸೋಂಕೂ ಅದೇ ಉರಿಯೂತ ತರುತ್ತದೆ. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್, ಇವು ಆ ಬಗೆಯವಲ್ಲ. ಕೋವಿಶೀಲ್ಡ್‌ಗೆ ಬೇರೆಯದೇ ಅಪಾಯವಿತ್ತು, ಮೊದಲ ಕೆಲ ವಾರಗಳಲ್ಲಿ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವುದು. ಯಾವ ಕಾರಣದಿಂದಲೇ ಆಗಲಿ, ಮಯೋಕಾರ್ಡೈಟಿಸ್ ಖಚಿತವಾದ ಆಟಗಾರ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಸ್ಪರ್ಧೆಯಿಂದ ದೂರವಿರಬೇಕು. ಉರಿಯುತ್ತಿರುವ ಹೃದಯಕ್ಕೆ ಕಠಿಣ ವ್ಯಾಯಾಮ ಕೊಟ್ಟರೆ ಬಡಿತದ ಲಯ ತಪ್ಪಿ ಸಾವೂ ಸಂಭವಿಸಬಹುದು. ಸೂಜಿಯ ನಂತರದ ವಾರದಲ್ಲಿ ಎದೆನೋವು, ಉಸಿರುಗಟ್ಟುವಿಕೆ, ಎದೆ ಡವಗುಟ್ಟುವಿಕೆ ಕಂಡರೆ ಆಟ ನಿಲ್ಲಿಸಿ ಅದೇ ದಿನ ಇಸಿಜಿ ಮಾಡಿಸಬೇಕು.

ಮೈದಾನದಲ್ಲಿ ಕುಸಿದವರ ವಿಡಿಯೊಗಳನ್ನೆಲ್ಲ ಲಸಿಕೆಗೆ ಗಂಟುಹಾಕಿದ ವಾಟ್ಸ್ಯಾಪ್ ಸರಣಿಗಳ ಮಾತು ಬೇರೆ. 2021ರ ಜೂನ್‌ನಲ್ಲಿ ಯೂರೊ ಫುಟ್‌ಬಾಲ್ ಪಂದ್ಯದಲ್ಲಿ ಕುಸಿದ ಡೆನ್ಮಾರ್ಕ್‌ನ ಕ್ರಿಸ್ಟಿಯನ್ ಎರಿಕ್‌ಸನ್ ಆಗ ಲಸಿಕೆಯನ್ನೇ ಪಡೆದಿರಲಿಲ್ಲವೆಂದು ಅವರ ಇಟಲಿಯ ಕ್ಲಬ್ ಸ್ಪಷ್ಟಪಡಿಸಿತ್ತು. ಲಯ ತಪ್ಪಿದ ಬಡಿತವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಡಿಫಿಬ್ರಿಲೇಟರ್ ಎಂಬ ಸಾಧನವನ್ನು ಎದೆಯಲ್ಲಿ ಅಳವಡಿಸಿದವರಿಗೆ ಇಟಲಿಯ ಲೀಗ್‌ನಲ್ಲಿ ಆಡಲು ಅವಕಾಶವಿಲ್ಲದ್ದರಿಂದ ಅವರು ಇಂಗ್ಲೆಂಡಿಗೆ ಹೋಗಿ ಮತ್ತೆ ಆಡಿದರು.

ಬೇಡವೆನ್ನುವವರನ್ನೆಲ್ಲ ಅಜ್ಞಾನಿಗಳೆಂದು ಜರಿಯಬಾರದು ಎಂಬುದು ಸಿದ್ದಾಪುರ ಸೀಮೆಯವರಿಗೆ ಮಂಗನ ಕಾಯಿಲೆಯಿಂದಲೇ ಗೊತ್ತು. ಆ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ. ನೋವು ಎಷ್ಟಿತ್ತೆಂದರೆ ಮೊದಲ ಸೂಜಿ ತೆಗೆದುಕೊಂಡವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಎರಡು ಡೋಸ್‌ಗೆ ಶೇ. 62, ಬೂಸ್ಟರ್‌ನೊಂದಿಗೆ ಶೇ. 83 ರಕ್ಷಣೆ ಎಂದು ಒಂದು ಅಧ್ಯಯನ ಲೆಕ್ಕಹಾಕಿತ್ತು, ಕ್ರಮೇಣ ಲಸಿಕೆಯ ಸತ್ವವೇ ಕುಂದಿರುವುದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಜನರ ಅನುಮಾನದಲ್ಲಿ ಹುರುಳಿತ್ತು. ಲಸಿಕೆ ಲಸಿಕೆಗೂ ಲೆಕ್ಕ ಬೇರೆ ಎಂಬುದನ್ನು ಆಟಗಾರರಿಗೂ ಹಾಗೆಯೇ ಬಿಡಿಸಿ ಹೇಳಬೇಕು.

ಈಗ ಕೋವಿಡ್ ಸೂಜಿಯನ್ನು ಯಾರೂ ಕೇಳುವುದಿಲ್ಲ. ಕೇಳುವುದು, ಕೇಳಬೇಕಾದುದು ಬೇರೆ ಇವೆ. ಕೆನ್ಯಾ, ಉಗಾಂಡ, ಬ್ರೆಜಿಲ್‌ನಂಥ ದೇಶಕ್ಕೆ ತಂಡ ಹೊರಟರೆ ಹಳದಿ ಜ್ವರದ ಲಸಿಕೆ ಬೇಕೇಬೇಕು. ಪ್ರಮಾಣಪತ್ರ ಸಿಂಧುವಾಗುವುದು ಸೂಜಿ ಬಿದ್ದ 10 ದಿನಗಳ ನಂತರ, ಒಮ್ಮೆ ಪಡೆದರೆ ಆಯುಷ್ಯಪೂರ್ತಿ. ಅದಿಲ್ಲದೆ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರವಾರದವರಿಗೆ ಹತ್ತಿರದ ಕೇಂದ್ರ ಗೋವಾದ ಮುರಗಾಂವ್ ಬಂದರು ಆರೋಗ್ಯ ಕಚೇರಿ. ಇಲ್ಲಿ ಎಡವುವುದು ಹೀಗೆ: ಒಂದೇ ಬಾಟಲಿಯಲ್ಲಿ ಹಲವರ ಡೋಸ್ ಇರುತ್ತದೆ, ಕಲಸಿದ ಆರು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಇಂಥ ಕೇಂದ್ರಗಳು ಗೊತ್ತುಮಾಡಿದ ದಿನ, ಹೆಸರು ನೋಂದಾಯಿಸಿದವರಿಗೆ ಮಾತ್ರ ಕೊಡುತ್ತವೆ. ಹೊರಡುವ ಮುಂಚಿನ ವಾರ ಹೋದವರಿಗೆ ಸೂಜಿ ಸಿಕ್ಕರೂ 10 ದಿನ ಸಿಗುವುದಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು, ಪಾಸ್‌ಪೋರ್ಟ್ ಸಂಖ್ಯೆಯನ್ನು ಕಾರ್ಡ್‌ನಲ್ಲಿ ಅಲ್ಲಿಯೇ ತಾಳೆ ನೋಡಬೇಕು.

ಮಣ್ಣಿನ ಅಂಕಣದಲ್ಲಿ ಆಡುವವರಿಗೆ ಧನುರ್ವಾಯು ತಡೆಯುವ ಟಿಡಿ ಲಸಿಕೆ. ಆ ರೋಗದ ಬೀಜಾಣುಗಳು ಮಣ್ಣಿನಲ್ಲೇ ಇರುತ್ತವೆ. ಸರ್ಕಾರಿ ಕಾರ್ಯಕ್ರಮದಲ್ಲಿ 10 ಮತ್ತು 16ನೇ ವಯಸ್ಸಿಗೆ ಕೊಡುತ್ತಾರೆ, ಆಮೇಲೆ 10 ವರ್ಷಕ್ಕೊಮ್ಮೆ ನಾವೇ ಹಾಕಿಸಿಕೊಳ್ಳಬೇಕು. ಮಣ್ಣು ಹೊಕ್ಕ ಆಳ ಗಾಯವಾಗಿ, ಹಿಂದಿನ ಡೋಸ್‌ಗೆ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು. ಬಾಲ್ಯದ ಡೋಸ್‌ಗಳೇ ಆಗಿಲ್ಲದಿದ್ದರೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಕೂಡ.

ಕುಸ್ತಿಯವರಿಗೆ ಹೆಪಟೈಟಿಸ್ ಬಿ. ತರಚಿದ ಚರ್ಮಕ್ಕೆ ಇನ್ನೊಬ್ಬರ ರಕ್ತ ತಾಗುವ ಆಟವಿದು. ಜಪಾನಿನ ಸುಮೊ ಪಟುಗಳಲ್ಲಿ ಹೀಗೆ ಸೋಂಕು ಹರಡಿದ್ದು 1980ರ ದಶಕದಲ್ಲೇ ದಾಖಲಾಗಿದೆ. ದೇಶದ ಎಲ್ಲ ಶಿಶುಗಳಿಗೂ ಇದನ್ನು ಕೊಡತೊಡಗಿದ್ದು 2011ರ ಸುಮಾರಿಗೆ, ಅದಕ್ಕೂ ಮುಂಚೆ ಹುಟ್ಟಿದ ಪೈಲ್ವಾನರಲ್ಲಿ ಹಲವರಿಗೆ ಆಗಿರಲಿಕ್ಕಿಲ್ಲ.

ಯಾವುದೇ ಸೂಜಿಯಾದರೂ ಪಂದ್ಯ ಮುಗಿದ ಮರುದಿನ ಒಳ್ಳೆಯದು, ಪಂದ್ಯದ ಹಿಂದಿನ ದಿನ ಬೇಡ. ಬಲಗೈ ಆಟಗಾರನಿಗೆ ಎಡತೋಳು. ಎರಡು ದಿನ ನಡಿಗೆ, ಹಗುರ ವ್ಯಾಯಾಮ ಸಾಕು, ಜ್ವರವಿದ್ದರೆ ಅದೂ ಬೇಡ, ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಅದು ನಿಷೇಧಿತ ಮದ್ದುಗಳ ಪಟ್ಟಿಯಲ್ಲಿಲ್ಲ. ಹೆಪಟೈಟಿಸ್ ಬಿಯ ಮೂರು ಡೋಸ್‌ಗಳು ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಡಿಸೆಂಬರ್‌ನಲ್ಲಿ ಕಣಕ್ಕಿಳಿಯುವವರು ಮೊದಲನೆಯದನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಹಾಕಿಸಿಕೊಂಡಿರಬೇಕು.