ಚಿತ್ರ ಕಂಪನಿಯದು, ದನಿ ಯಾರದು?

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ರಜೆಗೆ ಬಂದ ಹುಡುಗರು ಟಿವಿಗೆ ‘ಮಲ್ಟಿವರ್ಸಸ್’ ಗೇಮ್ ಜೋಡಿಸಿ ಕುಳಿತರೆ, ಸ್ಕೂಬಿ-ಡೂ ಕಾರ್ಟೂನಿನ ಶ್ಯಾಗಿ ಬ್ಯಾಟ್‌ಮನ್‌ಗೆ ಗುದ್ದುತ್ತಾನೆ, ಬಗ್ಸ್ ಬನ್ನಿ ಟಾಮ್ ಮತ್ತು ಜೆರ್ರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬಾಗಿಲಲ್ಲಿ ನಿಂತು ನೋಡುವ, ನಲವತ್ತರ ಹತ್ತಿರದ ಅವರ ಮಾವನಿಗೆ ಮುಖಗಳೆಲ್ಲ ಗುರುತು ಸಿಗುತ್ತವೆ. ಆದರೆ ಶ್ಯಾಗಿ ಬಾಯಿ ತೆರೆದ ಕೂಡಲೇ ಅವನು, “ಇದು ಅವನ ಆವಾಜ್ ಅಲ್ಲಲೇ” ಎಂದುಬಿಡುತ್ತಾನೆ. ಪಾತ್ರದ ಚಿತ್ರ ಕಂಪನಿಯದಾದರೆ ಅದರ ದನಿ ಯಾರದು ಎಂದು ಅಮೆರಿಕದಲ್ಲಿ ಕಲಾವಿದರು, ಕಂಪನಿಗಳು ಮತ್ತು ಅಭಿಮಾನಿಗಳ ನಡುವೆ ವರ್ಷಗಳಿಂದ ಎಳೆದಾಡುತ್ತಿರುವ ವಿಷಯದ ಒಂದು ತುದಿ ಈ ಮಾತಿನಲ್ಲೇ ಇದೆ.

ಬಗ್ಸ್ ಬನ್ನಿಗೆ 1940ರಿಂದ ದನಿಯಾಗಿದ್ದ ಮೆಲ್ ಬ್ಲಾಂಕ್ 1989ರಲ್ಲಿ ತೀರಿಕೊಂಡ ಮೇಲೆ ಅವರೊಬ್ಬರ ಗಂಟಲಲ್ಲಿದ್ದ ಪಾತ್ರಗಳು ಹಲವರಿಗೆ ಹಂಚಿಹೋದವು. ಇತ್ತ ಗೇಮ್ ಲೋಕದಲ್ಲಿ, 1999ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಬೇರೆ ಬೇರೆ ಗೇಮ್‌ಗಳ ನಾಯಕರನ್ನು ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎಂಬ ಒಂದೇ ಅಖಾಡಕ್ಕೆ ಇಳಿಸಿತು. ಬರಬರುತ್ತ ಕಾರ್ಟೂನ್ ಒಡೆತನದ ಕಂಪನಿಗಳೂ ಅದೇ ದಾರಿ ಹಿಡಿದವು.

ಗೊಂದಲ ಎದ್ದು ಕಂಡದ್ದು 2021ರ ಅಕ್ಟೋಬರ್ 5ರಂದು, ನಿಕಲೋಡಿಯನ್ ಎಂಬ ಮಕ್ಕಳ ಚಾನೆಲ್ಲಿನ ಪಾತ್ರಗಳ ಹೊಡೆದಾಟದ ಗೇಮ್ ‘ನಿಕಲೋಡಿಯನ್ ಆಲ್-ಸ್ಟಾರ್ ಬ್ರಾಲ್’ ಬಿಡುಗಡೆಯಾದಾಗ. ಸ್ಪಾಂಜ್‌ಬಾಬ್ ಮೊದಲಾದ 20 ಪಾತ್ರಗಳು ಅದರಲ್ಲಿದ್ದವು, ಮತ್ತು ಎಲ್ಲವೂ ಮೂಕವಾಗಿದ್ದವು. ಚಲನೆ, ಬಣ್ಣ, ಹಾಸ್ಯ ಎಲ್ಲವನ್ನೂ ಮೆಚ್ಚಿದವರು ಕೂಡ ಏನೋ ಸತ್ತಂತಿದೆ ಎಂದು ಗೊಣಗಿದರು. ಚಿತ್ರದ ಹಕ್ಕನ್ನು ಒಂದು ಕಂಪನಿಯಿಂದ ಒಂದೇ ಒಪ್ಪಂದದಲ್ಲಿ ಪಡೆಯಬಹುದು. ದನಿ ಬೇಕೆಂದರೆ ಒಬ್ಬೊಬ್ಬ ಕಲಾವಿದರನ್ನೂ ಕರೆಸಿ, ಸಮಯ ಹೊಂದಿಸಿ, ಸಂಭಾವನೆ ಕೊಟ್ಟು ಹೊಸದಾಗಿ ಧ್ವನಿಮುದ್ರಿಸಬೇಕು. ಮುಂದೆ 2022ರ ಜೂನ್‌ನಲ್ಲಿ ಉಚಿತ ಅಪ್‌ಡೇಟ್ ಮೂಲಕ ದನಿಗಳು ಬಂದವು. 1999ರಿಂದ ಸ್ಪಾಂಜ್‌ಬಾಬ್‌ಗೆ ಮಾತು ಕೊಟ್ಟಿರುವ ಟಾಮ್ ಕೆನ್ನಿಯೇ ಗೇಮಿನಲ್ಲೂ ನಕ್ಕರು. ಮೊದಲು ಉಳಿಸಿದ ಖರ್ಚನ್ನು ಆಮೇಲೆ ಮಾಡಲೇಬೇಕಾಯಿತು ಎಂಬುದನ್ನು ಇಲ್ಲಿ ಗಮನಿಸಬಹುದು.

ಮರುತಿಂಗಳೇ ಎಲ್ಲರ ಆಟಕ್ಕೆ ತೆರೆದುಕೊಂಡ ವಾರ್ನರ್ ಬ್ರದರ್ಸ್‌ನ ಮಲ್ಟಿವರ್ಸಸ್ ಮೊದಲಿನಿಂದಲೇ ದನಿಗಳನ್ನು ಮುಂದಿಟ್ಟಿತ್ತು. ಬ್ಯಾಟ್‌ಮನ್‌ಗೆ ಕೆವಿನ್ ಕಾನ್ರಾಯ್, ಶ್ಯಾಗಿಗೆ ಮ್ಯಾಥ್ಯೂ ಲಿಲ್ಲಾರ್ಡ್ ದನಿ ಕೊಟ್ಟಿದ್ದರು. ಕಾನ್ರಾಯ್ ಅದೇ ವರ್ಷದ ನವೆಂಬರ್‌ನಲ್ಲಿ ನಿಧನರಾದರು, ಆದರೂ ಅವರ ಬ್ಯಾಟ್‌ಮನ್ ಗೇಮಿನಲ್ಲಿ ಹೊಡೆದಾಡುತ್ತಲೇ ಇದ್ದ. 2025ರ ಮೇ 30ರಂದು ಆ ಗೇಮಿನ ಆನ್‌ಲೈನ್ ಸೇವೆಯೂ ನಿಂತಿತು.

ಹೊಡೆದಾಟದ ಗೇಮಿಗೆ ದನಿ ಕೊಡುವುದು ಸಂಭಾಷಣೆ ಓದಿದಷ್ಟು ಸುಲಭವಲ್ಲ. ಜಿಗಿದಾಗ ಒಂದು ಹುಂಕಾರ, ಸಣ್ಣ ಏಟಿಗೆ ಸಣ್ಣ ನರಳಿಕೆ, ದೊಡ್ಡ ಏಟಿಗೆ ದೊಡ್ಡದು, ಪರದೆಯಾಚೆ ಹಾರಿಬೀಳುವಾಗ ದೂರವಾಗುತ್ತ ಹೋಗುವ ಚೀತ್ಕಾರ. ಕೇಳಿದ್ದನ್ನೇ ಕೇಳಿ ಆಡುವವರಿಗೆ ಬೇಸರವಾಗಬಾರದೆಂದು ಪ್ರತಿಯೊಂದನ್ನೂ ನಾಲ್ಕಾರು ಬಗೆಯಲ್ಲಿ ಕೂಗಬೇಕು. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ 2016ರಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಸಂಭಾವನೆಯ ಜೊತೆ ಗಂಟಲಿನ ಈ ಸವೆತವೂ ಬೇಡಿಕೆಯ ಪಟ್ಟಿಯಲ್ಲಿತ್ತು. 2024ರ ಜುಲೈನಲ್ಲಿ ಶುರುವಾದ ಎರಡನೇ ಮುಷ್ಕರದ ತಿರುಳು ಕೃತಕ ಬುದ್ಧಿಮತ್ತೆ: ಒಮ್ಮೆ ಮುದ್ರಿಸಿಕೊಂಡ ದನಿಯಿಂದ ಯಂತ್ರವು ಹೊಸ ಮಾತು ಹುಟ್ಟಿಸುವುದಾದರೆ ಕಲಾವಿದರ ಒಪ್ಪಿಗೆ ಮತ್ತು ಹಣದ ಗತಿಯೇನು ಎಂಬ ಪ್ರಶ್ನೆ. ಒಪ್ಪಿಗೆ ಕಡ್ಡಾಯವೆಂಬ ಹೊಸ ಕರಾರಿಗೆ ಸದಸ್ಯರು 2025ರ ಜುಲೈನಲ್ಲಿ ಸಮ್ಮತಿಸಿದರು.

ಇನ್ನು ಆ ಹುಡುಗರ ಮಾವನ ಮಾತಿಗೆ ಬರೋಣ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಂದ 1975ರ ‘ಸೈಟ್’ ಪ್ರಯೋಗದಲ್ಲಿ ಆಗಿನ ಗುಲ್ಬರ್ಗ ಜಿಲ್ಲೆಯೂ ಇತ್ತು; ಟಿವಿ ನಮಗೆ ತಡವಾಗಿ ಬಂದದ್ದಲ್ಲ. ಆದರೆ 1995ರಲ್ಲಿ ಭಾರತಕ್ಕೆ ಕಾಲಿಟ್ಟ ಕಾರ್ಟೂನ್ ನೆಟ್‌ವರ್ಕ್ ಕೆಲವು ವರ್ಷಗಳಲ್ಲಿ ಹಿಂದಿ ಕಲಿತಿತೇ ಹೊರತು ಆಗ ಕನ್ನಡ ಕಲಿಯಲಿಲ್ಲ. ಓಣಿಯಲ್ಲಿ ದಖನಿ ಕೇಳಿ ಬೆಳೆದ ಕಲಬುರಗಿ, ಬೀದರಿನ ಮಕ್ಕಳಿಗೆ ಆ ಹಿಂದಿ ಕಷ್ಟವಾಗಲಿಲ್ಲ. ಮನೆಯಲ್ಲಿ ಅವ್ವನ ಕೂಡ ಕನ್ನಡ, ಟಿವಿ ಮುಂದೆ ಹಿಂದಿ ಎಂಬುದು ಸಹಜವಾಗಿಹೋಯಿತು. ಅತ್ತ ಕನ್ನಡ ಚಿತ್ರರಂಗದಲ್ಲಿ 1960ರ ದಶಕದಿಂದ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟು ನಡೆದುಬಂದಿತ್ತು. ಇಲ್ಲಿನ ಕಲಾವಿದರ ಅನ್ನ ಉಳಿಸಲೆಂದು ಹುಟ್ಟಿದ ಆ ಕಟ್ಟು, ಕಂಠದಾನವನ್ನೇ ಕಸುಬಾಗಿ ಮಾಡಿಕೊಳ್ಳಬಹುದಾಗಿದ್ದವರ ಅನ್ನವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. 2009ರಲ್ಲಿ ಬಂದ ಮಕ್ಕಳ ಚಾನೆಲ್ ಚಿಂಟು ಟಿವಿಯಲ್ಲಿ ಕಾರ್ಟೂನ್ ಹುಡುಗಿ ಡೋರಾ ಕನ್ನಡ ಮಾತಾಡಿದಳು, 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶಿಸಿತು. ಅಷ್ಟರಲ್ಲಿ ಮಾವನ ತಲೆಮಾರಿನ ಬಾಲ್ಯ ಮುಗಿದಿತ್ತು.

ಹೀಗಾಗಿ ‘ಅಸಲಿ ದನಿಗಳು ಮರಳಿವೆ’ ಎಂಬ ಗೇಮ್ ಕಂಪನಿಗಳ ಜಾಹೀರಾತು ಇಲ್ಲಿ ಯಾರನ್ನೂ ತಟ್ಟುವುದಿಲ್ಲ. ಇಲ್ಲಿಯವರ ಅಸಲಿ ಶ್ಯಾಗಿ ಯಾರೋ ಒಬ್ಬ ಹಿಂದಿ ಕಂಠದಾನ ಕಲಾವಿದ, ಅವನ ಹೆಸರು ತೆರೆಯ ಮೇಲೆ ಬಂದದ್ದನ್ನು ನಾನಂತೂ ಕಂಡಿಲ್ಲ. ಪ್ರದರ್ಶನ ಕಲಾವಿದರಿಗೆ ರಾಯಧನ ಕೊಡಬೇಕು, ಹೆಸರು ಹೇಳಿಸಿಕೊಳ್ಳುವ ಹಕ್ಕೂ ಅವರಿಗಿದೆ ಎಂದು ಭಾರತದ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂದದ್ದು 2012ರಲ್ಲಿ. ಮಾವನ ಕಿವಿಯಲ್ಲಿ ಕುಳಿತಿರುವ ದನಿ ಅದಕ್ಕಿಂತ ಹತ್ತು ವರ್ಷ ಹಳೆಯದು.