ಪದ ಪರಿಚಯ: 'ವೈಜ್ಞಾನಿಕ ಕಾದಂಬರಿ'

ಕಳೆದ ತಿಂಗಳು ಪುಸ್ತಕದಂಗಡಿಯೊಂದರಲ್ಲಿ 'ವೈಜ್ಞಾನಿಕ ಕಾದಂಬರಿಗಳು' ಎಂದು ಚೀಟಿ ಅಂಟಿಸಿದ್ದ ಕಪಾಟಿನ ಮುಂದೆ ನಿಂತಿದ್ದೆ. 'ಸೈನ್ಸ್ ಫಿಕ್ಷನ್' ಬರೆದ ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ಇದ್ದರು, ಸರಿ. ಪಕ್ಕದಲ್ಲಿ ಅರ್ಸುಲಾ ಲೆ ಗ್ವಿನ್ ಬರೆದ ಮಾಂತ್ರಿಕ ಹುಡುಗನ ಕಥೆ. ಅದಕ್ಕೆ ಒರಗಿಕೊಂಡು ತೇಜಸ್ವಿಯವರ 'ಕರ್ವಾಲೊ'. ಅದರಾಚೆ ಜೇನು ಸಾಕಣೆಯ ಒಂದು ಕೈಪಿಡಿ. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ವೆಲ್ಸ್ ಬರೆದ ಚಂದ್ರಯಾನದ ಕಥೆಯನ್ನು ತೆರೆದು ನಿಂತಲ್ಲೇ ಓದುತ್ತಿದ್ದಳು. ಅವಳ ತಂದೆ ಬಂದು ಹಿಂಬದಿಯ ರಕ್ಷಾಪುಟದ ಮೇಲೆ ಕಣ್ಣಾಡಿಸಿ, "ಇದು ಬೇಡಮ್ಮ, ಇದರಲ್ಲಿರುವುದೆಲ್ಲ ಅವೈಜ್ಞಾನಿಕ. ವಿಜ್ಞಾನದ್ದೇ ಬೇಕಿದ್ದರೆ ಒಳ್ಳೆಯ ಪುಸ್ತಕ ಕೊಡಿಸುತ್ತೇನೆ" ಎಂದರು. ಹುಡುಗಿ ಪುಸ್ತಕವನ್ನು ಕಪಾಟಿಗೆ ಮರಳಿಸಿದಳು.

ಆ ತಂದೆಯನ್ನು ದೂರಲಾರೆ. ಚೀಟಿಯಲ್ಲಿದ್ದ ಮಾತನ್ನು ಅವರು ನಂಬಿದರು. ವೈಜ್ಞಾನಿಕ ಎಂದು ಬರೆದ ಮೇಲೆ ಒಳಗಿರುವುದು ವೈಜ್ಞಾನಿಕವಾಗಿಯೇ ಇರಬೇಕೆಂದು ಬಯಸುವುದು ನ್ಯಾಯವಾದದ್ದೇ. ಆದರೆ 'ಸೈನ್ಸ್ ಫಿಕ್ಷನ್'ಗೆ ನಾವಿಟ್ಟ ಈ ಹೆಸರಿನಿಂದಾಗಿ ಒಳ್ಳೆಯ ಪುಸ್ತಕವೊಂದು ಓದುವ ಕೈಯಿಂದ ಜಾರಿದ್ದನ್ನು ನಾನು ಕಂಡದ್ದು ಇದೇ ಮೊದಲಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

'ವೈಜ್ಞಾನಿಕ' ಎಂಬ ಪದ ಈಗ ಕನ್ನಡದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಪತ್ರಿಕೆಯ ಜಿಲ್ಲಾ ಪುಟ ಸಾಕು. ರೈತರು ಬೆಳೆಗೆ ವೈಜ್ಞಾನಿಕ ಬೆಲೆ ಕೇಳುತ್ತಾರೆ. ಊರವರು ಅವೈಜ್ಞಾನಿಕ ರಸ್ತೆ ಉಬ್ಬು ತೆಗೆಸಿ ಎಂದು ಮನವಿ ಕೊಡುತ್ತಾರೆ. ಚರಂಡಿ ಕಾಮಗಾರಿ ಅವೈಜ್ಞಾನಿಕ, ಕಸ ವಿಲೇವಾರಿ ಅವೈಜ್ಞಾನಿಕ. ಇಲ್ಲೆಲ್ಲ ಅದರ ಅರ್ಥ 'ಲೆಕ್ಕ ಹಾಕಿ, ಸರಿಯಾದ ಕ್ರಮದಲ್ಲಿ ಮಾಡಿದ್ದು' ಎಂದು. ಅದೊಂದು ಪ್ರಮಾಣಪತ್ರ. ಇಂಥ ಪದವನ್ನು ಕಾದಂಬರಿಯ ಹಣೆಗೆ ಹಚ್ಚಿದರೆ ಓದುಗ ಮಾಪನಪಟ್ಟಿ ಹಿಡಿದೇ ಪುಟ ತಿರುವುತ್ತಾನೆ.

ಹಳೆಯ ಅರ್ಥವೂ ಈ ಮುದ್ರೆಗೆ ಒದಗುವುದಿಲ್ಲ. ಅಮರಕೋಶದಲ್ಲಿ 'ವೈಜ್ಞಾನಿಕ' ಬರುವುದು ಪ್ರವೀಣ, ನಿಪುಣ, ಕುಶಲ ಎಂಬ ಪದಗಳ ಸಾಲಿನಲ್ಲಿ. ಅಂದರೆ ಪಳಗಿದ ಕೈಯವನು. 'ವಿಜ್ಞಾನ'ಕ್ಕೆ ಅದೇ ಕೋಶ ಕೊಡುವ ಅರ್ಥ ಇನ್ನೂ ಸೊಗಸಾಗಿದೆ: 'ಮೋಕ್ಷೇ ಧೀರ್ಜ್ಞಾನಮನ್ಯತ್ರ ವಿಜ್ಞಾನಂ ಶಿಲ್ಪಶಾಸ್ತ್ರಯೋಃ'. ಮೋಕ್ಷದ ಕಡೆಗೆ ಹರಿದ ಬುದ್ಧಿ ಜ್ಞಾನ. ಶಿಲ್ಪ, ಶಾಸ್ತ್ರಗಳ ಕಡೆಗೆ ಹರಿದದ್ದು ವಿಜ್ಞಾನ. ಕೈಕಸುಬೂ ತಿಳಿವಳಿಕೆಯೂ ಒಟ್ಟಿಗೇ ಇದ್ದ ಪದ ಅದು.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತು. ಇತಿಹಾಸಕ್ಕೆ 'ಇಕ' ಸೇರಿ ಐತಿಹಾಸಿಕ, ಸಮಾಜಕ್ಕೆ ಸೇರಿ ಸಾಮಾಜಿಕ, ಪುರಾಣಕ್ಕೆ ಸೇರಿ ಪೌರಾಣಿಕ. ಐತಿಹಾಸಿಕ ಕಾದಂಬರಿ ಎಂಬುದನ್ನು ಒಪ್ಪುವವರು ವೈಜ್ಞಾನಿಕ ಕಾದಂಬರಿಯನ್ನೇಕೆ ಒಪ್ಪಬಾರದು? ವ್ಯಾಕರಣದ ಮಟ್ಟಿಗೆ ಮಾತು ಸರಿ. ಆದರೆ ಪದ ಬದುಕುವುದು ಬಳಕೆಯಲ್ಲಿ. 'ಅನೈತಿಹಾಸಿಕ ರಸ್ತೆ ಉಬ್ಬು' ಎಂದು ಯಾರೂ ಮನವಿ ಕೊಟ್ಟಿಲ್ಲ. ಐತಿಹಾಸಿಕ ಎಂಬುದು ವಸ್ತು ಎಲ್ಲಿಯದೆಂದು ಹೇಳಿ ಸುಮ್ಮನಾಗುತ್ತದೆ. ವೈಜ್ಞಾನಿಕ ಎಂಬುದು ಸರಿ ತಪ್ಪುಗಳ ತೀರ್ಪನ್ನೂ ಕೊಡುತ್ತದೆ.

ಇನ್ನು, ಈ ಬಗೆಯ ಕಥೆಗಳನ್ನು ಆ ತೀರ್ಪಿನಿಂದ ಅಳೆದರೆ ಏನಾಗುತ್ತದೆ ಎಂದು ನೋಡೋಣ. ಫ್ರಾನ್ಸಿನ ಜೂಲ್ಸ್ ವೆರ್ನ್ 1865ರಲ್ಲಿ ಮೂವರನ್ನು ಫಿರಂಗಿಯಿಂದ ಚಂದ್ರನತ್ತ ಹಾರಿಸಿದ. ವೆಲ್ಸ್ 1901ರಲ್ಲಿ ಇಬ್ಬರನ್ನು ಕಳಿಸಿದ್ದು ಗುರುತ್ವವನ್ನೇ ತಡೆಯುವ 'ಕೇವರೈಟ್' ಎಂಬ ಕಲ್ಪಿತ ವಸ್ತುವಿನ ಬಲದಿಂದ. ಇದು ವೆರ್ನ್‌ಗೆ ಹಿಡಿಸಲಿಲ್ಲ. ನಾನು ಭೌತಶಾಸ್ತ್ರ ಬಳಸಿದೆ, ಈತ ಸೃಷ್ಟಿಸಿಬಿಟ್ಟ, ಆ ಲೋಹ ಎಲ್ಲಿದೆ ತೋರಿಸಲಿ ಎಂಬರ್ಥದಲ್ಲಿ ಸಂದರ್ಶನವೊಂದರಲ್ಲಿ ಹೇಳಿದ. ಪುಸ್ತಕದಂಗಡಿಯ ಆ ತಂದೆ ಹೇಳಿದ್ದೂ ಇದನ್ನೇ.

ಆದರೆ ವೆರ್ನ್‌ನ ಫಿರಂಗಿಯನ್ನೂ ಒಮ್ಮೆ ಲೆಕ್ಕ ಹಾಕಿ. ಅದರ ಉದ್ದ 900 ಅಡಿ, ಸುಮಾರು 274 ಮೀಟರ್. ಗುಂಡು ಹೊರಬೀಳುವಾಗಿನ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಅಷ್ಟು ಗಿಡ್ಡ ನಳಿಕೆಯಲ್ಲಿ ಅಷ್ಟು ವೇಗ ಬರಬೇಕಾದರೆ ಒಳಗಿದ್ದವರ ಮೇಲೆ ಭೂಮಿಯ ಸೆಳೆತದ 20,000 ಪಟ್ಟಿಗೂ ಮೀರಿದ ಒತ್ತಡ ಬೀಳುತ್ತದೆ. 60 ಕಿಲೋ ತೂಕದ ಮನುಷ್ಯ 1,200 ಟನ್ ತೂಗಿದಂತೆ. ವೆರ್ನ್ ಆಘಾತ ತಡೆಯಲು ನೀರಿನ ಮೆತ್ತೆ ಇರಿಸಿದ್ದ. ಅದರಿಂದ ಯಾರೂ ಉಳಿಯುತ್ತಿರಲಿಲ್ಲ. ಮೂವರೂ ನೆಲ ಬಿಡುವ ಮೊದಲೇ ಸತ್ತಿರುತ್ತಿದ್ದರು. ಪ್ರಮಾಣಪತ್ರ ಕೇಳಿದರೆ ಕೇವರೈಟ್ ಎಷ್ಟು ಅವೈಜ್ಞಾನಿಕವೋ ಈ ಫಿರಂಗಿಯೂ ಅಷ್ಟೇ.

ಆದರೆ ಕೇವರೈಟ್ ವೆಲ್ಸ್‌ಗೆ ಒಂದು ಬಾಗಿಲು ಮಾತ್ರ. ಬಾಗಿಲು ದಾಟಿದ ಮೇಲೆ ಅವನು ಕಾಣಿಸುವ ಚಂದ್ರಲೋಕದಲ್ಲಿ ಪ್ರತಿ ಜೀವಿಯ ಮೈಯನ್ನೂ ಅದು ಮಾಡಬೇಕಾದ ಕೆಲಸಕ್ಕೆ ತಕ್ಕಂತೆ ಬೆಳೆಸುತ್ತಾರೆ. ಅಲ್ಲೊಂದು ನೋಟವಿದೆ. ಯಂತ್ರ ನೋಡಿಕೊಳ್ಳುವವರಾಗಬೇಕಾದ ಎಳೆಯ ಜೀವಿಗಳನ್ನು ಜಾಡಿಗಳಲ್ಲಿ ಅದುಮಿ ಇರಿಸಿದ್ದಾರೆ, ಮುಂಗೈ ಮಾತ್ರ ಹೊರಗೆ. ಕೈಗೆ ಪೋಷಣೆ ಸಿಗುತ್ತದೆ, ಉಳಿದ ಮೈಯನ್ನು ಉಪವಾಸ ಕೆಡವಿದ್ದಾರೆ. ಜಾಡಿಯಿಂದ ನೇತಾಡುವ ಆ ಬಡಕಲು ಕೈ ಕಂಡು ಭೂಮಿಯಿಂದ ಹೋದವನ ಮನಸ್ಸು ಕಲಕುತ್ತದೆ. ಕೂಡಲೇ ಇನ್ನೊಂದು ಯೋಚನೆಯೂ ಬರುತ್ತದೆ: ಮಕ್ಕಳನ್ನು ಮನುಷ್ಯರಾಗಿ ಬೆಳೆಯಬಿಟ್ಟು ಆಮೇಲೆ ಯಂತ್ರ ಮಾಡುವ ನಮ್ಮ ಪದ್ಧತಿಗಿಂತ ಇದರಲ್ಲೇ ಕರುಣೆ ಹೆಚ್ಚಿದೆಯಲ್ಲವೇ? ಇಂಗ್ಲೆಂಡಿನ ಕಾರ್ಖಾನೆಗಳ ಬಗ್ಗೆ ಬರೆದ ಎಷ್ಟೋ ಸಾಮಾಜಿಕ ಕಾದಂಬರಿಗಳು ಮುಟ್ಟದ ಜಾಗವನ್ನು ಈ ಒಂದು ಪುಟ ಮುಟ್ಟುತ್ತದೆ. ಆ ಹುಡುಗಿ ಕಪಾಟಿಗೆ ಮರಳಿಸಿದ್ದು ಇದೇ ಪುಸ್ತಕವನ್ನು.

ಇಂಗ್ಲಿಷಿನವರೂ ಹೆಸರಿಗಾಗಿ ತಡವರಿಸಿದ್ದಾರೆ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಅಮೆರಿಕದಲ್ಲಿ ಈ ಬಗೆಯ ಕಥೆಗಳಿಗಾಗಿಯೇ ಪತ್ರಿಕೆ ಹೊರಡಿಸಿದಾಗ 'ಸೈಂಟಿಫಿಕ್ಷನ್' ಎಂಬ ಪದ ಬಳಸಿದ. ಅದು ಯಾರ ನಾಲಿಗೆಗೂ ಒಗ್ಗಲಿಲ್ಲ. 1929ರ ಹೊತ್ತಿಗೆ ಅವನೇ 'ಸೈನ್ಸ್ ಫಿಕ್ಷನ್' ಎಂಬ ಹೆಸರಿಗೆ ಬಂದ. ಗಮನಿಸಿ, ಅದು 'ಸೈಂಟಿಫಿಕ್' ಅಲ್ಲ. ನಾವು ಕನ್ನಡಕ್ಕೆ ತರುವಾಗ ಇಲ್ಲದ 'ಇಕ'ವನ್ನು ಸೇರಿಸಿಕೊಂಡೆವು. 'ಫಿಕ್ಷನ್' ಎಂಬುದರ ಲ್ಯಾಟಿನ್ ಬೇರಿಗೆ ಮಣ್ಣನ್ನು ಅದುಮಿ ರೂಪ ಕೊಡುವುದು ಎಂಬ ಅರ್ಥವಿದೆ. ನಾವು 'ಕಥೆ ಕಟ್ಟುವುದು' ಎನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಸುಳ್ಳು ಹೇಳುವವನಿಗೂ ಕಥೆಗಾರನಿಗೂ ಒಂದೇ ಕ್ರಿಯಾಪದ ಕೊಟ್ಟಿದ್ದೇವೆ. ಆದರೆ ಕಟ್ಟಿದ್ದು ನಿಲ್ಲಬೇಕು ಎಂಬ ಷರತ್ತೂ ಅದರೊಳಗೇ ಇದೆ.

ಹಾಗಾದರೆ ನಿಜವಾಗಿ 'ವೈಜ್ಞಾನಿಕ' ಎನ್ನಬಹುದಾದ ಕಾದಂಬರಿಯೇ ಇಲ್ಲವೇ? ಇದೆ, 'ಕರ್ವಾಲೊ'. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕಥೆ ಅದು. ಹಾರುವ ಓತಿ ಕಲ್ಪನೆಯಲ್ಲ. ಪಕ್ಕೆಲುಬುಗಳ ಮೇಲೆ ಹಿಗ್ಗಿದ ಚರ್ಮವನ್ನು ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮ ಘಟ್ಟದಲ್ಲಿ ಇಂದಿಗೂ ಇದೆ. ಕಾದಂಬರಿಯ ಜೀವಾಳ ಇರುವುದು ಹುಡುಕಾಟದಲ್ಲಿ: ನೋಡುವುದು, ಗುರುತಿಸುವುದು, ಊರವರು ದಡ್ಡನೆಂದುಕೊಂಡಿದ್ದ ಮಂದಣ್ಣನ ಕಣ್ಣಿನ ಚುರುಕನ್ನು ವಿಜ್ಞಾನಿಯೊಬ್ಬ ಕಂಡುಕೊಳ್ಳುವುದು. ವಿಜ್ಞಾನ ನಡೆಯುವ ಬಗೆಯನ್ನೇ ವಸ್ತುವಾಗಿಸಿಕೊಂಡ ಈ ಕೃತಿಗೆ ವೈಜ್ಞಾನಿಕ ಎಂಬ ಮಾತು ನೂರಕ್ಕೆ ನೂರು ಒಪ್ಪುತ್ತದೆ. ಆದರೆ ಇದು ಸೈನ್ಸ್ ಫಿಕ್ಷನ್ ಅಲ್ಲ. ಎರಡಕ್ಕೂ ಒಂದೇ ಹೆಸರಿಟ್ಟದ್ದರಿಂದ ಕರ್ವಾಲೊ ಓದಿ ಮೆಚ್ಚಿದವರು ವೆಲ್ಸ್‌ನಲ್ಲಿ ಅದನ್ನೇ ಹುಡುಕಿ ನಿರಾಶರಾಗುತ್ತಾರೆ. ಬಾಹ್ಯಾಕಾಶ ನೌಕೆಯ ಆಸೆಯಿಂದ ಕರ್ವಾಲೊ ತೆರೆದವರಿಗೆ ಜೇನುಪೆಟ್ಟಿಗೆ ಎದುರಾಗುತ್ತದೆ.

ಫ್ಯಾಂಟಸಿಯನ್ನು ಈ ಕಪಾಟಿಗೆ ತುರುಕುವುದಂತೂ ಇನ್ನೂ ದೊಡ್ಡ ಗೊಂದಲ. ಗ್ರೀಕ್ ಮೂಲದಲ್ಲಿ ಆ ಪದಕ್ಕೆ 'ಕಣ್ಣಿಗೆ ಕಾಣುವಂತಾಗುವುದು' ಎಂದರ್ಥ. ನಮ್ಮಲ್ಲಿ ಅದು ಹಗಲುಗನಸಿಗೆ ಇನ್ನೊಂದು ಹೆಸರಾಗಿ, 'ಅದೆಲ್ಲ ಬರೀ ಫ್ಯಾಂಟಸಿ' ಎಂಬ ಬೈಗುಳವೂ ಆಗಿದೆ. ಏನು ಬೇಕಾದರೂ ಆಗಬಹುದಾದ ಕಥೆ ಫ್ಯಾಂಟಸಿ ಎಂದು ತಿಳಿದವರು ಲೆ ಗ್ವಿನ್ ಅವರ ಅದೇ ಮಾಂತ್ರಿಕ ಹುಡುಗನ ಪುಸ್ತಕವನ್ನು ಓದಬೇಕು. ಅಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ತಿಳಿಯದೆ ಅದರ ಮೇಲೆ ಮಂತ್ರ ನಡೆಯುವುದಿಲ್ಲ. ಒಂದು ದ್ವೀಪದಲ್ಲಿ ಮಳೆ ತರಿಸಿದರೆ ಇನ್ನೊಂದರಲ್ಲಿ ಬರ ಬೀಳಬಹುದು. ಹುಡುಗ ಒಮ್ಮೆ ಅಹಂಕಾರದಿಂದ ಕೈ ಮೀರಿದ್ದಕ್ಕೆ ಪುಸ್ತಕವಿಡೀ ಬೆಲೆ ತೆರುತ್ತಾನೆ. ಇಷ್ಟು ಕಟ್ಟುನಿಟ್ಟಿನ ಲೆಕ್ಕ ಎಷ್ಟೋ ಬಾಹ್ಯಾಕಾಶದ ಕಥೆಗಳಲ್ಲಿ ನನಗೆ ಸಿಕ್ಕಿಲ್ಲ. ಇದಕ್ಕೆ ನಮ್ಮಲ್ಲಿ 'ಅದ್ಭುತ' ಎಂಬ ಪದ ಸಿದ್ಧವಾಗಿಯೇ ಇದೆ. ನಾಟ್ಯಶಾಸ್ತ್ರದ ಭರತ ಹೇಳಿದ ರಸಗಳಲ್ಲಿ ಒಂದು, ಅದರ ಸ್ಥಾಯಿಭಾವ ವಿಸ್ಮಯ. ನಾವು ಅದನ್ನು ಕ್ರಿಕೆಟ್ ಹೊಡೆತಕ್ಕೂ ಮಸಾಲೆ ದೋಸೆಗೂ ಸವೆಸುತ್ತಿದ್ದೇವೆ.

ಹೆಸರಿನ ಉಳಿದರ್ಧ 'ಕಾದಂಬರಿ'. ನನಗೆ ಹೆಚ್ಚು ಪ್ರೀತಿಯಿರುವುದು ಇದರ ಮೇಲೆ. ಫ್ಯಾಂಟಸಿ ಕಾದಂಬರಿ ನಿಜವಾದ ಕಾದಂಬರಿಯಲ್ಲ ಎಂದು ಹೇಳುವವರು ಕನ್ನಡದಲ್ಲಿ ಆ ಮಾತನ್ನು ಹೇಳಲು ಬರುವುದಿಲ್ಲ ಎಂಬುದನ್ನು ತಿಳಿಯಬೇಕು.

ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಬರೆದ ಕಥೆಯ ನಾಯಕಿ ಕಾದಂಬರಿ, ಗಂಧರ್ವ ರಾಜಕುಮಾರಿ. ಕೃತಿಗೂ ಅವಳದೇ ಹೆಸರು. ಮುಗಿಸುವ ಮೊದಲೇ ಬಾಣ ತೀರಿಕೊಂಡ; ಮಗ ಪೂರ್ತಿಗೊಳಿಸಿದ. ನಾಗವರ್ಮ ಅದನ್ನು ಚಂಪುವಾಗಿ ಕನ್ನಡಕ್ಕೆ ತಂದ. ಮುಂದೆ ಉದ್ದನೆಯ ಗದ್ಯಕಥೆ ಎಂಬ ಹೊಸ ಪ್ರಕಾರ ಬಂದಾಗ ಹಿಂದಿಯವರೂ ಬಂಗಾಳಿಗಳೂ 'ಉಪನ್ಯಾಸ' ಎಂದರು. ಕನ್ನಡಿಗರೂ ಮರಾಠಿಗರೂ ಈ ಹೆಣ್ಣಿನ ಹೆಸರನ್ನೇ ಇಟ್ಟುಕೊಂಡರು. 'ಕಾದಂಬರಿ' ಎಂದರೆ ಮದ್ಯವೂ ಹೌದು. ಅದನ್ನು ಹಿಡಿದು ಬಾಣನ ಮಗ ಶ್ಲೇಷೆಯಾಡಿದ್ದಾನೆ: ಕಾದಂಬರಿಯ ರಸದಲ್ಲಿ ಮತ್ತರಾದ ಜನಕ್ಕೆ ಬೇರೇನೂ ಅರಿವಾಗದು ಎಂದು.

ಆ ಕಥೆಯಲ್ಲಿ ಏನಿದೆ? ಶೂದ್ರಕನೆಂಬ ರಾಜನ ಸಭೆಗೆ ಗಿಳಿಯೊಂದು ಬರುತ್ತದೆ. ಜಾಬಾಲಿ ಮುನಿಯಿಂದ ಕೇಳಿದ ಕಥೆಯನ್ನು ಅದು ರಾಜನಿಗೆ ಹೇಳುತ್ತದೆ. ಕಥೆಯೊಳಗೆ ಚಂದ್ರಾಪೀಡನೆಂಬ ರಾಜಕುಮಾರ ಕಿನ್ನರ ಜೋಡಿಯನ್ನು ಬೆನ್ನಟ್ಟಿ ದಾರಿ ತಪ್ಪಿ ಅಚ್ಛೋದ ಸರೋವರ ತಲುಪುತ್ತಾನೆ. ಅಲ್ಲಿ ಮಹಾಶ್ವೇತೆ ತನ್ನ ಕಥೆ ಹೇಳುತ್ತಾಳೆ. ಕೊನೆಗೆ ತಿಳಿಯುವುದೇನೆಂದರೆ, ಕೇಳುತ್ತಿರುವ ಶೂದ್ರಕನೇ ಹಿಂದಿನ ಜನ್ಮದ ಚಂದ್ರಾಪೀಡ, ಅದಕ್ಕೂ ಹಿಂದೆ ಚಂದ್ರ; ಹೇಳುತ್ತಿರುವ ಗಿಳಿ ಮಹಾಶ್ವೇತೆ ಕಾಯುತ್ತಿರುವ ಪುಂಡರೀಕ; ರಾಜಕುಮಾರ ಏರಿ ಬಂದ ಕುದುರೆ ಪುಂಡರೀಕನ ಗೆಳೆಯ. ಮೂರು ಜನ್ಮಗಳ ಕಾಲ ಒಂದರ ಮೇಲೊಂದು ಮಡಿಚಿಕೊಂಡಿದೆ. ಚಂದ್ರಾಪೀಡ ಸತ್ತಾಗ ಅವನ ದೇಹವನ್ನು ಸುಡಬಾರದೆಂದು ಆಕಾಶವಾಣಿಯಾಗುತ್ತದೆ. ಅವನನ್ನು ಪ್ರೀತಿಸಿದ್ದ ಕಾದಂಬರಿ ಅದನ್ನು ಕಾಯುತ್ತಾ ಕೂರುತ್ತಾಳೆ. ದಿನಗಳು ಕಳೆದರೂ ದೇಹ ಕೆಡುವುದಿಲ್ಲ. ಕೊನೆಗೆ ಅವಳ ಅಪ್ಪುಗೆಯಲ್ಲಿ ಅವನು ಎಚ್ಚರಗೊಳ್ಳುತ್ತಾನೆ.

ಕೆಡದ ದೇಹವನ್ನು ಕಾಯ್ದಿಟ್ಟು ಮುಂದೊಂದು ಕಾಲದಲ್ಲಿ ಎಬ್ಬಿಸುವುದು ಇಂದಿನ ಬಾಹ್ಯಾಕಾಶ ಕಥೆಗಳಲ್ಲಿ ತೀರಾ ಪರಿಚಿತ ಉಪಾಯ. ಬಾಣನಲ್ಲಿ ವಿಜ್ಞಾನವಿತ್ತು ಎಂದು ಇದರಿಂದ ಹೊರಡಿಸುವವರ ಗುಂಪಿಗೆ ನಾನು ಸೇರಿಲ್ಲ. ಅವನಲ್ಲಿದ್ದದ್ದು ಶಾಪ, ಇವರಲ್ಲಿರುವುದು ಶೈತ್ಯಪೆಟ್ಟಿಗೆ. ಆ ವ್ಯತ್ಯಾಸವೇ ಎರಡು ಪ್ರಕಾರಗಳ ನಡುವಿನ ಗೆರೆ: ಅಸಾಧ್ಯವಾದದ್ದು ನಡೆದಾಗ ಒಂದು ಶಾಪವನ್ನೋ ಮಂತ್ರವನ್ನೋ ಮುಂದಿಡುತ್ತದೆ, ಇನ್ನೊಂದು ಯಂತ್ರವನ್ನೋ ನಿಯಮವನ್ನೋ. ಕಾಯುವವಳ ಸಂಕಟ ಎರಡರಲ್ಲೂ ಅದೇ.

ಹೆಸರಿನ ವಿಷಯದಲ್ಲಿ ಮರಾಠಿಗರು 'ವಿಜ್ಞಾನಕಥಾ' ಎನ್ನುತ್ತಾರೆ, ಬಂಗಾಳಿಗಳು 'ಕಲ್ಪವಿಜ್ಞಾನ'. ಎರಡರಲ್ಲೂ 'ಇಕ' ಇಲ್ಲ. 'ಕಲ್ಪವಿಜ್ಞಾನ' ಕಿವಿಗೆ ಹಿತ, ಆದರೆ ಕನ್ನಡದ ಓದುಗ ಅದನ್ನು ಯುಗ, ಕಲ್ಪಗಳ ಲೆಕ್ಕವೆಂದುಕೊಂಡಾನು. ನಾನು ವಿಜ್ಞಾನ ಕಥೆ, ವಿಜ್ಞಾನ ಕಾದಂಬರಿ ಎಂದು ಬರೆಯುತ್ತೇನೆ. ಫ್ಯಾಂಟಸಿಗೆ ಅದ್ಭುತ ಕಥೆ. 'ಕರ್ವಾಲೊ'ವನ್ನು ಕಾದಂಬರಿ ಎಂದರೆ ಸಾಕು, ಅದಕ್ಕೆ ವಿಶೇಷಣದ ಊರುಗೋಲು ಬೇಡ.

ಅಂಗಡಿಯವರಿಗೆ ಇದನ್ನೆಲ್ಲ ಹೇಳಲು ಹೊತ್ತಿರಲಿಲ್ಲ. ಪೆನ್ನು ಕೇಳಿದೆ, ಕೊಟ್ಟರು. ಚೀಟಿಯ 'ವೈಜ್ಞಾನಿಕ' ಹೊಡೆದು 'ವಿಜ್ಞಾನ, ಅದ್ಭುತ' ಎಂದು ಬರೆದೆ. ಜೇನಿನ ಕೈಪಿಡಿಯನ್ನು ಕೃಷಿಯ ಕಪಾಟಿಗೆ ಸೇರಿಸಿ, ವೆಲ್ಸ್‌ನನ್ನು ಹತ್ತು ವರ್ಷದವರ ಕೈಗೆ ಎಟುಕುವ ಕೆಳಸಾಲಿನಲ್ಲಿ ಇಟ್ಟು ಬಂದೆ.